ಕ್ಷೀರವ್ರತದ ಇಪ್ಪತ್ತೆರಡನೆಯ ದಿನ

ಲೋಟ ಬಾಯಿಗೆ ಇನ್ನೂ ನಾಲ್ಕು ಬೆರಳು ದೂರವಿರುವಾಗಲೇ, ತಾನು ಇವತ್ತೂ ಕುಡಿದುಬಿಡುತ್ತೇನೆ ಎಂದು ವಿಷ್ಣುಮೂರ್ತಿಗೆ ಗೊತ್ತಾಗಿಹೋಯಿತು. ಹೀಗೆ ಗೊತ್ತಾಗುವುದು ಕಳೆದ ಹದಿನೆಂಟು ದಿನಗಳಿಂದ ನಡೆದೇ ಇತ್ತು. ಗೊತ್ತಾದ ಮೇಲೂ ಕೈ ತನ್ನ ಪಾಡಿಗೆ ತಾನು ಮೇಲಕ್ಕೇರುತ್ತಿತ್ತು, ತುಟಿ ತನ್ನ ಪಾಡಿಗೆ ತಾನು ಮುಂದಕ್ಕೆ ಚಾಚುತ್ತಿತ್ತು, ಇವೆರಡಕ್ಕೂ ಯಜಮಾನನೆಂದು ಭಾವಿಸಿಕೊಂಡಿದ್ದ ವಿಷ್ಣುಮೂರ್ತಿ, ಐವತ್ತನಾಲ್ಕು ವರ್ಷದ, ಮೂವತ್ತು ವರ್ಷ ಸರ್ವಿಸಿನ ಸೂಪರ್‌ವೈಸರು, ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಬೆಳಗಿನ ಐದೂವರೆ. ಮೈಲಾಪೂರಿನ ಆ ಸಸ್ಯಾಹಾರಿ ಹೋಟೆಲಿನ ಶಟರು ಅರ್ಧ ಮಾತ್ರ ಎದ್ದಿತ್ತು; ಹೊರಗೆ ಕಾಯುತ್ತಿದ್ದ ಗಿರಾಕಿಗಳ ಮೊಣಕಾಲು, ಪಂಚೆಯ ಅಂಚು, ವಾಕಿಂಗ್ ಬೂಟುಗಳಷ್ಟೇ ಕಾಣುತ್ತಿದ್ದವು. ಇವನು ಒಂದು ಗುಟುಕು ಕುಡಿದು ‘ಸರಿ’ ಅನ್ನುವ ತನಕ ಕಾಫಿ ಮಾಸ್ಟರ್ ಏಳುಮಲೈ ಒಂದು ಲೋಟವನ್ನೂ ಹೊರಗೆ ಬಿಡುವವನಲ್ಲ. ಉಡುಪಿ ಕಡೆಯಿಂದ ಬಂದ ಹಳೆಯ ಯಜಮಾನರ ಕಾಲದ ಕಟ್ಟಳೆ ಅದು. ಏಳುಮಲೈ ಎದುರಿಗೆ ನಿಂತು, ಡಬರಾ ಬಟ್ಟಲು ಹಿಡಿದು, ಇವನ ಗಂಟಲನ್ನೇ ನೋಡುತ್ತಿದ್ದ. ಗಂಟಲು ಮೇಲೆ ಕೆಳಗೆ ಆಡಿತು. ‘ಸರಿಯಾ ಇರುಕ್ಕಾಣ್ಣಾ?’ ‘ಸರಿ.’ ಶಟರು ಪೂರ್ತಿ ಎದ್ದಿತು. ಲೋಟದಲ್ಲಿ ಮುಕ್ಕಾಲು ಭಾಗ ಇನ್ನೂ ಉಳಿದಿತ್ತು. ವಿಷ್ಣುಮೂರ್ತಿ ಅದನ್ನು ಹಿಡಿದುಕೊಂಡು ಪಾತ್ರೆ ತೊಳೆಯುವ ಜಾಗದ ಹಿಂದಿನ ಓಣಿಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತು ಮುಗಿಸಿದ.

ಅವನು ಕ್ಷೀರವ್ರತದಲ್ಲಿದ್ದ. ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ಒಂದೊಂದು ತಿಂಗಳು ಒಂದೊಂದನ್ನು ಬಿಡಬೇಕು: ಮೊದಲು ತರಕಾರಿ, ಆಮೇಲೆ ಮೊಸರು, ಮೂರನೆಯ ತಿಂಗಳು ಹಾಲು, ಕೊನೆಗೆ ಬೇಳೆಕಾಳು. ಅವನ ಅಮ್ಮ ನಾಲ್ಕನ್ನೂ ಮಾಡುತ್ತಿದ್ದಳು. ಮಾಡುತ್ತಿದ್ದಾಳೆ ಎಂದು ಯಾರಿಗೂ ತಿಳಿಯದ ಹಾಗೆ ಮಾಡುತ್ತಿದ್ದಳು. ‘ಹೋಟೆಲಿನವನಿಗೆ ಎಂಥ ವ್ರತ’ ಎಂದು ಮೂವತ್ತು ವರ್ಷ ತಪ್ಪಿಸಿಕೊಂಡವನು ಈ ವರ್ಷ ಹಾಲಿನ ತಿಂಗಳನ್ನು ಮಾತ್ರ ಹಿಡಿದದ್ದಕ್ಕೆ ಭಕ್ತಿ ಕಾರಣವಾಗಿರಲಿಲ್ಲ. ಡಾಕ್ಟರು ರಕ್ತದ ರಿಪೋರ್ಟನ್ನು ಮೇಜಿನ ಮೇಲಿಟ್ಟು, ದಿನಕ್ಕೆ ಎಷ್ಟು ಕಾಫಿ, ಒಂದೊಂದಕ್ಕೆ ಎಷ್ಟು ಸಕ್ಕರೆ ಎಂದು ಕೇಳಿದ್ದರು. ಇವನು ಅರ್ಧಕ್ಕರ್ಧ ಇಳಿಸಿ ಹೇಳಿದ. ಅದಕ್ಕೇ ಅವರು ಕನ್ನಡಕ ತೆಗೆದು ಇವನನ್ನು ನೋಡಿದರು. ನಿಮಗೆ ಔಷಧಿಗಿಂತ ಮೊದಲು ಶಿಸ್ತು ಬೇಕು ಎಂದರು. ಶಿಸ್ತು! ವಿಷ್ಣುಮೂರ್ತಿ ಶಿಸ್ತನ್ನು ಎಷ್ಟು ಸಲ ಶುರುಮಾಡಿದ್ದಾನೆ ಎಂಬುದು ಅವರಿಗೇನು ಗೊತ್ತು. ಟೆರೇಸಿನ ಮೇಲೆ ಯೋಗಾಸನ, ಮೂರು ದಿನ. ಮೂರನೆಯ ದಿನ ಶವಾಸನದಲ್ಲಿ ನಿದ್ದೆ ಹೋಗಿ, ಬಟ್ಟೆ ಒಣಗಿಸಲು ಬಂದ ಕೆಳಮನೆಯ ಮಾಮಿ ಕಿರುಚಿಕೊಂಡಿದ್ದಳು. ಅಶೋಕ್ ನಗರದ ತನಕ ನಡಿಗೆ, ಐದು ದಿನ. ದಾರಿಯಲ್ಲಿ ಒಂದು ಬಜ್ಜಿ ಅಂಗಡಿ ಪತ್ತೆಯಾಗುವವರೆಗೆ. ದಿನಚರಿ ಬರೆಯುವುದು, ಒಂದೇ ದಿನ. ಆ ಪುಟದಲ್ಲಿ ‘ಇಂದಿನಿಂದ’ ಎಂಬ ಒಂದೇ ಶಬ್ದ ಇದೆ, ಅಕ್ಷರ ಮಾತ್ರ ಬಹಳ ದುಂಡಗೆ. ತನ್ನ ಮನಸ್ಸು ತನ್ನ ಮಾತು ಕೇಳುವುದಿಲ್ಲ, ದೇವರ ಹೆದರಿಕೆಯಾದರೂ ಇರಲಿ ಎಂದು ವ್ರತ ಹಿಡಿದ. ಹಾಲಿಲ್ಲದಿದ್ದರೆ ಕಾಫಿಯಿಲ್ಲ, ಕಾಫಿಯಿಲ್ಲದಿದ್ದರೆ ಸಕ್ಕರೆಯಿಲ್ಲ, ಲೆಕ್ಕ ಸರಿಯಾಗಿತ್ತು. ದೇವರ ಹೆದರಿಕೆಯೂ ಸಾಲದೇ ಹೋದರೆ ಎಂದು ಕುಟುಂಬದ ವಾಟ್ಸಪ್ ಗುಂಪಿನಲ್ಲೂ ಹಾಕಿದ. ಒಂದೇ ಗಂಟೆಯಲ್ಲಿ ನಲವತ್ತು ಜೋಡಿ ಕೈಗಳು ಮುಗಿದು ನಿಂತವು. ಮಗಳು ವೀಕ್ಷಾ ಅವನ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಳು. ದಿನ ತಪ್ಪದೆ ಒತ್ತಿದರೆ ಒಂದು ಗಿಡಕ್ಕೆ ಹಸಿರು ಎಲೆ ಮೂಡುತ್ತದೆ. ಈಗ ಅದರಲ್ಲಿ ಇಪ್ಪತ್ತೊಂದು ಎಲೆಗಳಿವೆ. ಅವುಗಳಲ್ಲಿ ಮೂರು ನಿಜವಾದವು.

ಆ ಮೂರು ದಿನ ಅವನು ಕಾಫಿಯನ್ನು ಮೂಸಿ ನೋಡಿಯೇ ‘ಸರಿ’ ಅಂದಿದ್ದ. ಮೂಸಿದರೆ ಗೊತ್ತಾಗುತ್ತದೆ, ಮೂವತ್ತು ವರ್ಷದ ಮೂಗು ಎಂಬ ಹೆಮ್ಮೆಯೂ ಇತ್ತು. ಮೂರನೆಯ ದಿನ ಚಿಕೋರಿ ಹೆಚ್ಚಾಗಿದ್ದದ್ದು ಮೂಗಿಗೆ ತಿಳಿಯಲಿಲ್ಲ. ಪುರಟ್ಟಾಸಿ ತಿಂಗಳು, ಮಾಂಸ ಬಿಟ್ಟ ಊರಿಗೆ ಊರೇ ಸಸ್ಯಾಹಾರಿ ಹೋಟೆಲಿಗೆ ನುಗ್ಗುವ ಕಾಲ. ಅಂಥ ಜಂಗುಳಿಯಲ್ಲಿ, ಇಪ್ಪತ್ತು ವರ್ಷದಿಂದ ಬರುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರು ಲೋಟ ಹಿಡಿದುಕೊಂಡು ಇವನ ಹತ್ತಿರ ಬಂದು, ಏನೂ ಹೇಳದೆ, ಲೋಟವನ್ನು ಇವನ ಎದುರು ಇಟ್ಟು ಹೋದರು. ಬೈದಿದ್ದರೆ ಸಹಿಸಬಹುದಿತ್ತು. ಏಳುಮಲೈ ಇವನ ಕಡೆ ನೋಡಿದ. ಏಳುಮಲೈಯೂ ಆ ತಿಂಗಳು ಮಾಂಸ, ಕುಡಿತ ಎರಡನ್ನೂ ಬಿಟ್ಟಿದ್ದ. ಕೇಳಿದ್ದಕ್ಕೆ ‘ಪುರಟ್ಟಾಸಿ ಅಣ್ಣಾ, ಅವ್ಳೋದಾನ್’, ಅಷ್ಟೇ ಅಣ್ಣಾ, ಎಂದು ಮೇಜು ಒರೆಸಿದ್ದ. ನಾಲ್ಕನೆಯ ದಿನ ವಿಷ್ಣುಮೂರ್ತಿ ಒಂದು ಗುಟುಕು ಬಾಯಿಗೆ ಹಾಕಿ ಉಗಿದ. ಉಗಿಯುವಾಗ ಅರ್ಧ ಒಳಗೆ ಹೋಯಿತು. ಅಲ್ಲಿಂದ ಮುಂದೆ ಅವನೊಳಗೆ ಒಬ್ಬ ವಕೀಲ ಹುಟ್ಟಿಕೊಂಡ. ರುಚಿ ನೋಡುವುದು ಕುಡಿಯುವುದಲ್ಲ ಎಂದ ವಕೀಲ. ಐದನೆಯ ದಿನ, ನುಂಗಿದರೂ ಅದು ವೃತ್ತಿಧರ್ಮ ಎಂದ. ಆರನೆಯ ದಿನ, ಒಂದು ಗುಟುಕಿನಲ್ಲಿ ಸಕ್ಕರೆಯ ಹದ ಹೇಗೆ ತಿಳಿಯುತ್ತದೆ, ಎರಡಾದರೂ ಬೇಕು ಎಂದ. ಏಳನೆಯ ದಿನ, ಉಳಿದದ್ದನ್ನು ಮೋರಿಗೆ ಚೆಲ್ಲುವುದು ಅನ್ನಕ್ಕೆ ಮಾಡುವ ಅವಮಾನ ಎಂದ. ಎಂಟನೆಯ ದಿನದಿಂದ ವಕೀಲನೂ ಮಾತಾಡುವುದನ್ನು ಬಿಟ್ಟ. ವಾದಿಸಲಿಕ್ಕೆ ಎದುರುಪಕ್ಷವೇ ಉಳಿದಿರಲಿಲ್ಲ.

ಇದೆಲ್ಲ ತನ್ನೊಬ್ಬನ ವ್ಯವಹಾರವಾಗಿದ್ದಿದ್ದರೆ, ದೇವರೊಂದಿಗೆ ಹೇಗೋ ಸರಿಮಾಡಿಕೊಳ್ಳುತ್ತಿದ್ದ. ಆದರೆ ವ್ರತ ಹಿಡಿದ ದಿನವೇ ಅವನ ಹೆಂಡತಿ ಅಕ್ಕು, ಅಡುಗೆಮನೆಯ ಫಿಲ್ಟರನ್ನು ತೊಳೆದು, ಒರೆಸಿ, ಅಟ್ಟದ ಮೇಲೆ ಇಟ್ಟುಬಿಟ್ಟಿದ್ದಳು. ‘ಎಂಥಕ್ಕೆ?’ ಎಂದರೆ, ‘ನೀವೊಬ್ರೇ ಆದ್ರೆ ನಿಮ್ಗೆ ಆಗುದಿಲ್ಲ ಮಾರಾಯ್ರೆ. ಮನೆಯಲ್ಲಿ ಪರಿಮಳ ಬಂದ್ರೆ ಮುಗೀತು ಕತೆ. ನಾನೂ ಬಿಡ್ತೇನೆ, ಒಟ್ಟಿಗೆ ಆದ್ರೆ ಆಗ್ತದೆ’ ಎಂದಳು. ಅಕ್ಕುವಿನ ಕಾಫಿ ಎಂದರೆ ಸಾಮಾನ್ಯವೇ. ಬೆಳಿಗ್ಗೆ ಎರಡು, ಮಧ್ಯಾಹ್ನ ಮೂರಕ್ಕೆ ಒಂದು. ಆ ಮೂರು ಗಂಟೆಯದು ಇಬ್ಬರದೂ. ಅವನು ಬೆಳಗಿನ ಪಾಳಿ ಮುಗಿಸಿ ವೆಸ್ಟ್ ಮಾಂಬಲಂನ ಆ ಎರಡು ಕೋಣೆಯ ಮನೆಗೆ ಬಂದು, ಅಡುಗೆಕಟ್ಟೆಗೆ ಒರಗಿ ನಿಂತು ಕುಡಿಯುತ್ತಿದ್ದ. ಅವಳು ಕೆಳಗೆ ಮಣೆಯ ಮೇಲೆ ಕೂತು, ಲೋಟಕ್ಕೆ ಊದುತ್ತ, ಕೆಳಮನೆ ಮಾಮಿಯ ಸೊಸೆಯಿಂದ ಹಿಡಿದು ಕಾರ್ಪೊರೇಷನ್ ನೀರಿನ ತನಕ ಎಲ್ಲ ಸುದ್ದಿ ಹೇಳುತ್ತಿದ್ದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆಡಿದ ಮಾತುಗಳಲ್ಲಿ ಮುಕ್ಕಾಲು ಪಾಲು ಆ ಹೊತ್ತಿನವು. ಹಾಲಿಲ್ಲದ ಕಪ್ಪು ಕಾಫಿ ಅವಳ ಗಂಟಲಲ್ಲಿ ಇಳಿಯುವುದಿಲ್ಲ. ಈಗ ಮೂರು ಗಂಟೆಗೆ ಇಬ್ಬರ ಕೈಯಲ್ಲೂ ಮಜ್ಜಿಗೆ; ಹಾಲಿನ ತಿಂಗಳಲ್ಲಿ ಅದಕ್ಕೆ ಅಡ್ಡಿಯಿಲ್ಲ. ಮೊದಲ ವಾರವಿಡೀ ಅವಳಿಗೆ ತಲೆನೋವು. ಹಣೆಗೆ ಬೈರಾಸು ಬಿಗಿದು ಕಟ್ಟಿಕೊಂಡೇ ಅನ್ನಕ್ಕೆ ಇಡುತ್ತಿದ್ದಳು. ಒಂದು ಶನಿವಾರ ವಾಂತಿಯಾಗಿ ಮಲಗಿದಳು. ಅವನು ಪಕ್ಕದಲ್ಲಿ ಕೂತು ಶುಂಠಿ ಅರೆದು ಹಚ್ಚಿದ, ತನ್ನ ಬಾಯಿಯ ವಾಸನೆ ಅವಳಿಗೆ ತಾಗದ ಹಾಗೆ ಮುಖ ಆಚೆ ತಿರುಗಿಸಿಕೊಂಡು. ‘ನಿಮ್ಗೆ ತಲೆನೋವು ಇಲ್ವಾ?’ ಎಂದು ಆ ಸಂಕಟದಲ್ಲೂ ಕೇಳಿದಳು. ‘ಉಂಟು, ಸ್ವಲ್ಪ’ ಎಂದಿದ್ದ. ‘ಸ್ವಲ್ಪ’ ಎಂಬ ಆ ಶಬ್ದವನ್ನು ನೆನೆದರೆ ಈಗಲೂ ಅವನ ಕಿವಿ ಬಿಸಿಯಾಗುತ್ತದೆ. ಸುಳ್ಳಿನಲ್ಲೂ ಒಂದು ಮಿತಿ ಪಾಲಿಸಿದವನ ಹಾಗೆ ಎಷ್ಟು ನಾಜೂಕಾಗಿ ಹೇಳಿದ್ದ! ಅವಳು ಕಣ್ಣು ಮುಚ್ಚಿ, ‘ಆಗ್ತದೆ ನಮ್ಗೆ, ಇನ್ನೆಷ್ಟು ದಿನ’ ಎಂದಳು. ಅವತ್ತೇ ಹೇಳಿಬಿಡಬೇಕಿತ್ತು. ಹೇಳಿದರೆ ಆ ‘ನಮ್ಗೆ’ ಎಂಬುದು ಅಲ್ಲಿಗೆ ಮುಗಿಯುತ್ತದೆ ಎಂದು ಹೆದರಿ ಹೇಳಲಿಲ್ಲ, ಮತ್ತು ಮರುದಿನ ಬೆಳಿಗ್ಗೆ ಓಣಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತ.

ಇದರ ಮೇಲೆ ಇವತ್ತಿನ ಭಾಷಣ. ಕ್ರೋಂಪೇಟೆಯ ಕಡೆ ಇರುವ ಕನ್ನಡದವರು ಕಟ್ಟಿಕೊಂಡ ಒಂದು ಸಂಘ; ನವರಾತ್ರಿಗೆ ಬಾಡಿಗೆ ಸಭಾಂಗಣದಲ್ಲಿ ಗೊಂಬೆ ಕೂರಿಸಿ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಯಾರಾದರೊಬ್ಬರಿಂದ ನಾಲ್ಕು ಮಾತು ಆಡಿಸುತ್ತಾರೆ. ಕಾರ್ಯದರ್ಶಿ ಶ್ರೀಶ, ಅಕ್ಕುವಿಗೆ ದೂರದ ಸಂಬಂಧ, ಫೋನು ಮಾಡಿ, ‘ಭಾವ, ಈ ಸಲ ನೀವೇ. ವಿಷಯ, ದಿನನಿತ್ಯದ ಬದುಕಿನಲ್ಲಿ ಸ್ವಯಂಶಿಸ್ತು. ಎದುರಿಗೆ ಹಾಲಿನ ಡ್ರಮ್ಮೇ ಇಟ್ಟುಕೊಂಡು ಒಂದು ಹನಿ ಮುಟ್ಟದವರು ನಮ್ಮಲ್ಲಿ ಬೇರೆ ಯಾರಿದ್ದಾರೆ ಹೇಳಿ’ ಎಂದಿದ್ದ. ಬೇಡ ಎನ್ನಲು ವಿಷ್ಣುಮೂರ್ತಿ ಬಾಯಿ ತೆರೆದದ್ದು ನಿಜ. ಬಾಯಿಯಿಂದ ಹೊರಬಂದದ್ದು, ‘ಎಷ್ಟು ನಿಮಿಷ?’

ಪಾಳಿಯ ನಡುವೆಯೇ ರಜೆ ಕೇಳಿ ಒಂಬತ್ತೂವರೆಗೆ ಮನೆಗೆ ಬಂದು ನೋಡಿದರೆ ಅಕ್ಕು ಆಗಲೇ ತಯಾರು. ಮದುವೆಮುಂಜಿಗೆ ಮಾತ್ರ ಹೊರಬರುವ ಹಸಿರು ರೇಷ್ಮೆ ಸೀರೆ, ತಲೆಗೆ ಒಂದು ಮೊಳ ಮಲ್ಲಿಗೆ. ಇವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಮಂಚದ ಮೇಲೆ ಹರಡಿದ್ದಳು. ಅವನು ಸೀದಾ ಬಚ್ಚಲಿಗೆ ಹೋಗಿ, ದಿನವೂ ಮಾಡುವ ಹಾಗೆ ಏಲಕ್ಕಿ ಜಗಿದು, ಎರಡು ಸಲ ಹಲ್ಲುಜ್ಜಿದ. ಈ ಒಂದು ಕೆಲಸದಲ್ಲಿ ಮಾತ್ರ ಹದಿನೆಂಟು ದಿನವೂ ಅವನ ಶಿಸ್ತು ತಪ್ಪಿರಲಿಲ್ಲ. ಗೆಳತಿಯರೊಂದಿಗೆ ಹೊರಗೆ ಹೊರಟಿದ್ದ ವೀಕ್ಷಾ ಚಪ್ಪಲಿ ಮೆಟ್ಟುತ್ತ, ‘ಅಪ್ಪಾ, ಆಲ್ ದಿ ಬೆಸ್ಟ್! ಸ್ಟ್ರೀಕ್ ಮಿಸ್ ಪಣ್ಣಾದೀಂಗ’ ಎಂದು, ಒಂದು ದಿನದ ಎಲೆಯೂ ತಪ್ಪಬಾರದೆಂದು ಎಚ್ಚರಿಸುತ್ತ, ಕೂಗಿ ಹೋದಳು. ಅವನು ಫೋನು ತೆಗೆದು ಇಪ್ಪತ್ತೆರಡನೆಯ ಎಲೆ ಮೂಡಿಸಿದ. ಬಾಗಿಲಿಗೆ ಬೀಗ ಹಾಕಿ ಹೊರಟರು. ರೈಲಿನಲ್ಲಿ ಅಕ್ಕು ಕಿಟಕಿಗೆ ಕೂತು, ‘ಆ ಕುದುರೆಯದ್ದು ಇನ್ನೊಮ್ಮೆ ಹೇಳಿ’ ಎಂದಳು. ಹೋಟೆಲಿನ ಆರ್ಡರ್ ಚೀಟಿಯ ಹಿಂದೆ ಬರೆದುಕೊಂಡಿದ್ದ ಭಾಷಣ, ಮನಸ್ಸೆಂಬ ಕುದುರೆಗೆ ಸಂಕಲ್ಪವೇ ಕಡಿವಾಣ ಎಂದು ಶುರುವಾಗುತ್ತಿತ್ತು. ಅವನು ಕುದುರೆಯನ್ನು ಕಂಡದ್ದು ಮರೀನಾ ಬೀಚಿನಲ್ಲಿ ಮಾತ್ರ. ಅದೂ ಮೂಳೆ ಕಾಣುವಂಥದ್ದು, ಕಡಿವಾಣ ಇಲ್ಲದೆಯೂ ಎಲ್ಲಿಗೂ ಓಡದಂಥದ್ದು. ಅವನು ಹೇಳಿದ. ಅಕ್ಕು ತುಟಿ ಆಡಿಸುತ್ತ ಜೊತೆಗೆ ಹೇಳಿಕೊಂಡಳು, ಅವನು ಮರೆತರೆ ಎತ್ತಿಕೊಡಲು ತಯಾರಾಗುವವಳ ಹಾಗೆ.

ಸಭಾಂಗಣದಲ್ಲಿ ನೂರು ನೂರಿಪ್ಪತ್ತು ಜನ. ಶ್ರೀಶ ಅವನನ್ನು ಪರಿಚಯಿಸಿದ ರೀತಿಗೆ ವಿಷ್ಣುಮೂರ್ತಿಗೇ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. ಮೈಕಿನ ಎದುರು ನಿಂತು ಚೀಟಿ ಬಿಡಿಸಿದ. ಮನಸ್ಸೆಂಬ ಕುದುರೆ ಎಂದ. ಜನ ತಲೆಯಾಡಿಸಿದರು. ತಲೆಯಾಡಿಸುವ ಜನರನ್ನು ನೋಡುವುದು ಎಷ್ಟು ಹಿತ ಎಂಬುದು ಅವನಿಗೆ ಆವರೆಗೆ ಗೊತ್ತಿರಲಿಲ್ಲ. ಹೋಟೆಲಿನಲ್ಲಿ ಜನ ತಲೆ ಬಗ್ಗಿಸಿ ತಿನ್ನುತ್ತಾರೆ. ಎರಡು ನಿಮಿಷ ಕುದುರೆ ಚೆನ್ನಾಗಿಯೇ ಓಡಿತು. ಆಮೇಲೆ ಎರಡನೆಯ ಸಾಲಿನಲ್ಲಿ ಅಕ್ಕು ಕಂಡಳು. ಅವಳು ಹೆಬ್ಬೆರಳಿನಿಂದ ಎಡಗಣ್ಣಿನ ಪಕ್ಕದ ನರವನ್ನು ಒತ್ತಿ ಹಿಡಿದು, ಹಾಗೆ ಹಿಡಿದುಕೊಂಡೇ, ತುಟಿ ಆಡಿಸುತ್ತಿದ್ದಳು. ಮುಂದಿನ ವಾಕ್ಯ ಅವಳಿಗೆ ಬಾಯಿಪಾಠವಾಗಿತ್ತು. ಅವನಿಗೆ ಮರೆತುಹೋಯಿತು. ಚೀಟಿ ನೋಡಿದರೆ ಅಕ್ಷರ ಕಾಣಲಿಲ್ಲ. ಇಷ್ಟು ದಿನ ಅನಿಸದ ನಾಚಿಕೆಯೆಲ್ಲ ಒಟ್ಟಿಗೆ ಬಂದು ಎದೆಗೆ ಒತ್ತಿತು, ಉಸಿರು ತೆಗೆಯಬೇಕಾದರೆ ಏನಾದರೂ ಹೇಳಲೇಬೇಕು ಎನ್ನುವಷ್ಟು.

‘ನಾನು ಇವತ್ತು ಬೆಳಿಗ್ಗೆ ಸಹ ಕಾಫಿ ಕುಡಿದೇ ಬಂದದ್ದು’ ಎಂದ.

ಯಾರೋ ಹಿಂದಿನಿಂದ ನಕ್ಕರು, ನಗು ಸಾಲಿನಿಂದ ಸಾಲಿಗೆ ದಾಟಿ ಇಡೀ ಸಭೆಯೇ ನಕ್ಕಿತು. ‘ತಮಾಷೆ ಅಲ್ಲ’ ಎಂದ ವಿಷ್ಣುಮೂರ್ತಿ. ‘ಪೂರ್ತಿ ಒಂದು ಲೋಟ. ಹಾಲು ಹಾಕಿದ್ದೇ. ಸಕ್ಕರೆ ಎರಡು ಚಮಚ.’ ನಗು ಇನ್ನೂ ಜೋರಾಯಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ‘ದಿನಾ ಕುಡಿತೇನೆ. ಹಿಂದಿನ ಓಣಿಯಲ್ಲಿ, ಗೋಡೆಗೆ ಮುಖ ಮಾಡಿ’ ಎಂದು ಗೋಡೆಯ ಕಡೆ ಕೈ ತೋರಿಸಿದ. ಚಪ್ಪಾಳೆ. ಶ್ರೀಶ ಎದ್ದು ಬಂದು ಮೈಕು ತೆಗೆದುಕೊಂಡ. ‘ನೋಡಿ ಬಂಧುಗಳೇ, ಸಾಧನೆ ಮಾಡಿದವರು ಯಾವತ್ತೂ ಮಾಡಿದ್ದೇನೆ ಅನ್ನುವುದಿಲ್ಲ. ಎಂಥ ವಿನಯ! ಎಂಥ ಹಾಸ್ಯಪ್ರಜ್ಞೆ!’ ಶಾಲು ಬಂತು, ಮೋಸಂಬಿ ತುಂಬಿದ ಬುಟ್ಟಿ ಬಂತು. ತನ್ನ ಜೀವಮಾನದ ಒಂದೇ ಒಂದು ಸತ್ಯವನ್ನು ನೂರು ಜನರ ಎದುರು ಹೇಳಿ, ಅದಕ್ಕೆ ಶಾಲು ಹೊದಿಸಿಕೊಂಡು ನಿಂತ ವಿಷ್ಣುಮೂರ್ತಿಗೆ, ಶಾಲಿನ ಬಿಸುಪಿನಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಖುಷಿಯೂ ಆಗುತ್ತಿದೆ ಎಂಬುದು ತಿಳಿದು ಅಸಹ್ಯವಾಯಿತು. ಹೇಳಿದ್ದೂ ಆಯಿತು, ಸಿಕ್ಕಿಬೀಳದೆ ಉಳಿದದ್ದೂ ಆಯಿತು ಎಂದು ವಕೀಲ ಬಹಳ ದಿನದ ಮೇಲೆ ಬಾಯಿಬಿಟ್ಟ. ಆಗ ಎರಡನೆಯ ಸಾಲಿನ ಕಡೆ ನೋಡಿದ. ಎಲ್ಲರೂ ನಗುತ್ತಿದ್ದರು. ಅಕ್ಕು ನಗುತ್ತಿರಲಿಲ್ಲ. ಅವಳ ಹೆಬ್ಬೆರಳು ಹಣೆಯಿಂದ ಇಳಿದು ಮಡಿಲಲ್ಲಿ ಬಿದ್ದಿತ್ತು.

ಎಲ್ಲರಿಗೂ ಕಾಫಿ ಕೊಟ್ಟರು. ‘ವ್ರತದವರಿಗೆ’ ಎಂದು ಹೇಳಿ ಅವರಿಬ್ಬರಿಗೆ ಬೇರೆ ತಟ್ಟೆಯಲ್ಲಿ ಮಜ್ಜಿಗೆ ಬಂತು. ಅಕ್ಕು ತನ್ನದನ್ನು ಕುಡಿದಳು. ಅವನೂ ಕುಡಿದ. ಅಷ್ಟು ಜನ ನೋಡುತ್ತಿರುವಾಗ ಬೇರೇನು ಮಾಡಲು ಸಾಧ್ಯವಿತ್ತು.

ಮಧ್ಯಾಹ್ನದ ರೈಲಿನಲ್ಲಿ ಜನ ಕಡಿಮೆ. ಎದುರು ಸೀಟಿನಲ್ಲಿ ಒಬ್ಬ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಪಲ್ಲಾವರಂ ದಾಟಿತು. ವಿಷ್ಣುಮೂರ್ತಿ ಅವಳ ಬೈಗುಳಕ್ಕೆ ತಯಾರಾಗಿ ಕೂತಿದ್ದ. ಯಾವ ಬೈಗುಳಕ್ಕೆ ಯಾವ ಮುಖ ಎಂಬುದನ್ನೂ ಹೊಂದಿಸಿಟ್ಟುಕೊಂಡಿದ್ದ.

‘ಎಷ್ಟನೇ ದಿನದಿಂದ?’ ಎಂದು ಕೇಳಿದಳು, ಕಿಟಕಿಯ ಹೊರಗೆ ನೋಡುತ್ತ.

‘ನಾಲ್ಕು.’

‘ಆ ಶನಿವಾರ? ನಾನು ವಾಂತಿ ಮಾಡಿ ಮಲಗಿದ್ದೆ ಅಲ್ಲ, ಆಗ?’

‘ಆಗ್ಲೂ.’

ತ್ರಿಶೂಲಂ ಬಂತು, ಹೋಯಿತು. ‘ಹಾಗಾದ್ರೆ ಇಷ್ಟು ದಿನ ನಾನೊಬ್ಬಳೇ ಇದ್ದದ್ದು’ ಎಂದಳು ಅಕ್ಕು. ಕೋಪವಿರಲಿಲ್ಲ. ದಾರಿ ತಪ್ಪಿ ಬಂದದ್ದು ಈಗ ಗೊತ್ತಾಯಿತು ಎನ್ನುವ ದನಿ. ವಿಷ್ಣುಮೂರ್ತಿ ಹೊಂದಿಸಿಟ್ಟುಕೊಂಡ ಯಾವ ಮುಖವೂ ಇದಕ್ಕೆ ಸರಿಯಾಗಲಿಲ್ಲ. ವ್ರತ ಮುರಿದದ್ದು, ಸಕ್ಕರೆ ತಿಂದದ್ದು, ಸುಳ್ಳು ಹೇಳಿದ್ದು, ಎಲ್ಲಕ್ಕೂ ಅವನು ತನ್ನನ್ನು ತಾನು ಸಾಕಷ್ಟು ಬೈದುಕೊಂಡಿದ್ದ. ಅಡುಗೆಮನೆಯಲ್ಲಿ ಅವಳನ್ನು ಒಬ್ಬಳನ್ನೇ ಬಿಟ್ಟು ಬಂದಿದ್ದೇನೆ ಎಂಬುದು ಆ ಬೈಗುಳದ ಪಟ್ಟಿಯಲ್ಲಿ ಇರಲೇ ಇಲ್ಲ.

‘ಅಷ್ಟು ಜನರ ಎದುರು ಹೇಳ್ಲಿಕ್ಕೆ ಆಯ್ತು ನಿಮ್ಗೆ’ ಎಂದಳು. ‘ಮನೆಯಲ್ಲಿ ನನ್ನ ಹತ್ರ ಹೇಳ್ಲಿಕ್ಕೆ ಆಗ್ಲಿಲ್ಲ.’

‘ತಪ್ಪಾಯ್ತು ಅಕ್ಕು. ನೀನಾದ್ರೂ ಇವತ್ತು ಕಾಫಿ ಮಾಡಿ ಕುಡಿ. ನಂಗೋಸ್ಕರ ಯಾಕೆ...’

‘ನಂದು ಇನ್ನೂ ಎಂಟು ದಿನ ಉಂಟು.’

‘ಹಾಗಾದ್ರೆ ನಾನೂ. ನಾಳೆಯಿಂದ ನಾನು ಖಂಡಿತ...’

‘ಹೇಳ್ಬೇಡಿ.’ ಈಗ ಅವಳು ತಿರುಗಿ ಅವನನ್ನು ನೋಡಿದಳು. ‘ಮಾಡುದಾದ್ರೆ ಮಾಡಿ, ಬಿಡುದಾದ್ರೆ ಬಿಡಿ. ನಂಗೆ ಹೇಳ್ಬೇಡಿ. ನಿಮ್ಮ ಬಾಯಿಂದ ಬಂದದ್ದನ್ನು ನಂಬ್ಲಿಕ್ಕೆ ಈಗ ನನ್ನಿಂದ ಆಗುದಿಲ್ಲ.’

‘ಆಯ್ತು, ಹೇಳುವುದಿಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅದೂ ಹೇಳಿದ ಹಾಗೇ ಆಗುತ್ತದೆ ಎಂದು ತಿಳಿದು ಬಾಯಿ ಮುಚ್ಚಿದ. ಗಿಂಡಿಯಲ್ಲಿ ಜನ ಹತ್ತಿದರು, ಇಳಿದರು. ಹೇಳದೆಯೇ ಮಾಡಿ ತೋರಿಸುತ್ತೇನೆ ಎಂಬ ಒಂದು ಒಳ್ಳೆಯ ವಾಕ್ಯ ಸೈದಾಪೇಟೆಯ ಹೊತ್ತಿಗೆ ತಯಾರಾಯಿತು; ಭಾಷಣದ ಯಾವ ವಾಕ್ಯಕ್ಕಿಂತಲೂ ಚೆನ್ನಾಗಿತ್ತು. ಅದನ್ನೂ ನುಂಗಿದ. ಮಾತು ನುಂಗುವುದು ಕಾಫಿ ಬಿಡುವುದಕ್ಕಿಂತ ಕಷ್ಟ ಎಂಬುದು ಅವನಿಗೆ ಅಲ್ಲಿ ತಿಳಿಯಿತು. ಇದನ್ನು ಅವಳಿಗೆ ಹೇಳಬೇಕು ಎಂದು ಕೂಡಲೇ ಅನಿಸಿತು. ಎರಡು ಕೈಯಲ್ಲೂ ಮೋಸಂಬಿಯ ಬುಟ್ಟಿ ಹಿಡಿದುಕೊಂಡು, ಮಾಂಬಲಂ ಬರುವವರೆಗೂ ಹಲ್ಲು ಕಚ್ಚಿ ಕೂತ.

ಪ್ಲಾಟ್‌ಫಾರ್ಮಿಗೆ ಇಳಿದು, ಜನರ ನಡುವೆ ಮೇಲ್ಸೇತುವೆಯ ಮೆಟ್ಟಿಲು ಹತ್ತುವಾಗ ಅಕ್ಕು ಒಮ್ಮೆ ನಿಂತು, ಹಿಂದಕ್ಕೆ ತಿರುಗಿ, ‘ಬೀಗದ ಕೈ ಉಂಟಲ್ಲ ನಿಮ್ಮ ಹತ್ರ?’ ಎಂದು ಕೇಳಿದಳು. ಇಪ್ಪತ್ತಾರು ವರ್ಷದಿಂದ ಕೇಳುವ ಹಾಗೇ ಕೇಳಿದಳು. ‘ಉಂಟು’ ಎಂದು ಹೇಳಲು ವಿಷ್ಣುಮೂರ್ತಿ ಬಾಯಿ ತೆರೆದ. ತೆರೆದ ಬಾಯನ್ನು ಹಾಗೇ ಮುಚ್ಚಿ, ಮೆಟ್ಟಿಲ ಮೇಲೆ ಬುಟ್ಟಿ ಕೆಳಗಿಟ್ಟು, ಜೇಬಿನಿಂದ ಬೀಗದ ಕೈ ತೆಗೆದು ಅವಳಿಗೆ ತೋರಿಸಿದ.